ಕಲ್ಲೆಲೆಗಳ ನಡುವಿನ ಮುಖ

ಆಂಟ್ವರ್ಪ್
೧೬೫೪, ಮೇ ೧೧, ಸೋಮವಾರ

ಪ್ರೀತಿಯ ಗಿಲ್ಲಿಸ್,

ಮೇಲಿನ ಕೈಬರಹ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾದ ಮೇಲೂ ಅರಗು ಒಡೆದು ಓದುತ್ತಿದ್ದೀಯಲ್ಲ, ಅದಕ್ಕೇ ನಾನು ಋಣಿ. ನೀನು, ನಿನ್ನ ಮನೆಯಾಕೆ, ನಾನಿನ್ನೂ ಕಾಣದ ಆ ಇಬ್ಬರು ಹೆಣ್ಣುಮಕ್ಕಳು ಮಿಡಲ್‌ಬರ್ಗಿನಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಶಾಂತಿ ಒಪ್ಪಂದವಾದ ಮರುವರ್ಷ ನೀನು ಬರೆದ ಪತ್ರವೂ ಬಂತು, ಹೋದ ಶರತ್ಕಾಲದಲ್ಲಿ ಬರೆದದ್ದೂ ಬಂತು. ಎರಡಕ್ಕೂ ಉತ್ತರವಿಲ್ಲ. ನದಿಯಲ್ಲಿ ದೋಣಿ ಸರಿಯಾಗಿ ಓಡುತ್ತಿರಲಿಲ್ಲ, ಕೆಲಸ ಬಹಳವಿತ್ತು, ಈ ಚಳಿಗಾಲವೆಲ್ಲ ನಾನು ಜ್ವರದಲ್ಲಿ ಮಲಗಿದ್ದೆ. ಇವೆಲ್ಲ ನಿಜ, ಆದರೂ ಇವೆಲ್ಲ ನೆಪ. ನೀನು ಊರು ಬಿಟ್ಟ ಈ ಹನ್ನೊಂದು ವರ್ಷದಲ್ಲಿ ಒಂದು ಹಾಳೆ ಬರೆಯಲಾಗದಷ್ಟು ಯಾರಿಗೂ ಕೆಲಸವಿರುವುದಿಲ್ಲ.

ನಿನ್ನ ತಾಯಿ ತೀರಿಕೊಂಡ ಸುದ್ದಿಯನ್ನೂ ನಾನು ತಿಳಿಸಲಿಲ್ಲ. ಅಕ್ಷರ ಬಾರದ ಟ್ರೂಯ್, ನಿಮ್ಮ ಪಕ್ಕದ ಮನೆಯಲ್ಲಿದ್ದು ನಿನ್ನ ಅಂಗಡಿಯ ನೆಲ ಒರೆಸುತ್ತಿದ್ದವಳು, ಯಾರನ್ನೋ ಕಾಡಿ ಬೇಡಿ ಬರೆಸಿ ಕಳಿಸಿದಳು. ಸಮಾಧಿಗೆ ನಾನು ಹೋಗುತ್ತಿರುತ್ತೇನೆ. ಹುಲ್ಲು ಬೆಳೆಯಲು ಬಿಟ್ಟಿಲ್ಲ.

ಗಡಿಪಾರಿನ ಆಜ್ಞೆ ತೆಗೆಸಲು ನಗರಸಭೆಗೆ ಅರ್ಜಿ ಹಾಕುತ್ತಿದ್ದೇನೆ, ನಡತೆಗೆ ಸಾಕ್ಷಿಯಾಗಿ ಇಬ್ಬರು ಊರಿನವರ ಸಹಿ ಬೇಕು, ಒಂದು ನಿನ್ನದಿರಲಿ ಎಂದು ಶರತ್ಕಾಲದ ಪತ್ರದಲ್ಲಿ ನೀನು ಬರೆದಿದ್ದೆ. ಅದಕ್ಕೆ ಉತ್ತರ ಬರೆಯೋಣವೆಂದು ಕೂರುವ ಹೊತ್ತಿಗೆ ಇಲ್ಲಿ ಒಂದು ಅನಾಹುತ ಆಗಿ ಕೂತಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಡಿಂಪ್ನಾಳನ್ನು ನೀನು ಮರೆತಿರಲಾರೆ. ಹೂವು ಬರೆಯುವುದರಲ್ಲಿ ಈಗ ಊರಿಗೇ ಅವಳ ಕೈ ದೊಡ್ಡದು. ನಮ್ಮ ಕೆಲಸ ಹಂಚಿಕೆಯದು. ಹೂಮಾಲೆ ಅವಳದು, ಮಾಲೆಯ ಹಿಂದಿನ ಕಲ್ಲಿನ ಚೌಕಟ್ಟು ನನ್ನದು. ಬೂದುಬಣ್ಣದಲ್ಲಿ ಕೆತ್ತನೆಯಂತೆ ತೋರುವ ಸುರುಳಿಗಳು, ಬಳ್ಳಿಗಳು, ಎಲೆಗಳ ನಡುವೆ ಒಂದೆರಡು ಅಲಂಕಾರದ ಮುಖಗಳು. ನಡುವಿನ ದೇವಮಾತೆಯನ್ನು ಬೇರೊಬ್ಬರಿಂದ ಬರೆಸುತ್ತೇವೆ. ಹೋದ ವರ್ಷ ವ್ಯಾಪಾರಿಗಳ ಭ್ರಾತೃಸಂಘದವರು ತಮ್ಮ ಪ್ರಾರ್ಥನೆಯ ಚಾಪೆಲಿಗೆ ಅಂಥದೊಂದು ದೊಡ್ಡ ಚಿತ್ರ ಬೇಕೆಂದರು. ಹೌದು, ಅದೇ ಸಂಘ. ಮುಖ್ಯಸ್ಥರು ಈಗಲೂ ಅದೇ ಪೌವೆಲ್ಸ್. ಜನ ಹಸಿವಿನಿಂದ ಸಾಯುತ್ತಿದ್ದ ಆ ಚಳಿಗಾಲದಲ್ಲಿ ಔತಣ ನಡೆಸಿದ ಸಂಘದವರನ್ನು ನೀನು ಜಪಮಾಲೆ ತೊಟ್ಟು ಮೇಯುವ ಹೆಬ್ಬಾತುಗಳಾಗಿ ತಾಮ್ರದ ತಗಡಿನಲ್ಲಿ ಕೊರೆದು, ಹೆಸರು ಹಾಕದೆ ಅಚ್ಚು ಮಾಡಿದೆಯಲ್ಲ, ನಿನ್ನನ್ನು ಗಡಿಪಾರು ಮಾಡಿಸಿದ ಆ ಹಾಳೆಯಲ್ಲಿ ಎಲ್ಲರಿಗಿಂತ ದಪ್ಪನೆಯ ಹೆಬ್ಬಾತು ಅವರೇ. ಅವರು ಇನ್ನೂ ದಪ್ಪಗಾಗಿದ್ದಾರೆ.

ಡಿಂಪ್ನಾ ಹೂವನ್ನು ನೆನಪಿನಿಂದ ಬರೆಯುವವಳಲ್ಲ. ಏಪ್ರಿಲಿನಲ್ಲಿ ಟ್ಯುಲಿಪ್ ಅರಳಿದಾಗ ಟ್ಯುಲಿಪ್, ಜೂನಿನಲ್ಲಿ ಗುಲಾಬಿ. ಐರಿಸ್ ಬಾಡಿಹೋಗಿದ್ದರೆ ಜಾಗ ಖಾಲಿ ಬಿಟ್ಟು ಮುಂದಿನ ವರ್ಷದವರೆಗೆ ಕಾಯುವಷ್ಟು ಹಟ. ಮಾಲೆ ಮುಗಿದಾಗ ಚಳಿ ಶುರುವಾಗಿತ್ತು. ಇನ್ನು ಕಲ್ಲಿನ ಕೆಲಸ, ನನ್ನ ಕೆಲಸ, ಎನ್ನುವಾಗ ನನಗೆ ಚಳಿಜ್ವರ ಹಿಡಿಯಿತು. ಫೆಬ್ರವರಿಯವರೆಗೆ ಕುಂಚ ಹಿಡಿಯಲು ಬೆರಳು ನಿಲ್ಲಲಿಲ್ಲ. ಕಲ್ಲನ್ನೂ ಅವಳೇ ಬರೆದಳು. ನಾನು ಎದ್ದು ನೋಡಿದಾಗ ಎಷ್ಟು ಚೆನ್ನಾಗಿತ್ತೆಂದರೆ, ಒಳಗೊಳಗೇ ಸ್ವಲ್ಪ ಉರಿಯಿತು.

ಈಸ್ಟರ್ ಕಳೆದ ಮೇಲೆ ಚಿತ್ರವನ್ನು ಚಾಪೆಲಿನಲ್ಲಿ ಎತ್ತರಕ್ಕೆ ತೂಗಿಹಾಕಿದೆವು. ಪೆಂಟಕಾಸ್ಟ್ ಹಬ್ಬದ ಭಾನುವಾರ, ಮೇ ೨೪ರಂದು, ಆಶೀರ್ವಾದ ಪೂಜೆ ಎಂದು ಗೊತ್ತಾಗಿತ್ತು. ಹೋದ ಗುರುವಾರ ಬೆಳಿಗ್ಗೆ ಹಗ್ಗ ಬಿಗಿಯಾಗಿದೆಯೇ ನೋಡಲು ನಾನು ಹೋಗಿದ್ದೆ. ಚಾಪೆಲಿನ ಪಾದ್ರಿ ಯೋಡೋಕಸ್ ಇದ್ದರು, ಪೌವೆಲ್ಸ್ ಇದ್ದರು. ಟ್ರೂಯ್ ಮೊಣಕಾಲೂರಿ ನೆಲ ಉಜ್ಜುತ್ತಿದ್ದಳು, ಈಗ ಅವಳಿಗೆ ಅಲ್ಲೇ ಕೆಲಸ. ಉಜ್ಜುತ್ತ ಉಜ್ಜುತ್ತ ಬೆನ್ನು ನೋಯಿತೋ ಏನೋ, ತಲೆಯೆತ್ತಿ ಚಿತ್ರ ನೋಡಿದಳು. ನೋಡಿದವಳು ಬ್ರಷ್ಷನ್ನು ಬಕೀಟಿಗೆ ಬಿಟ್ಟು ಕೈ ತಟ್ಟಿದಳು.

"ಅಯ್ಯೋ ನನ್ನಪ್ಪಾ! ನಮ್ಮ ಗಿಲ್ಲಿಸ್ ಅಲ್ವಾ ಇವ್ನು! ನೋಡಿ ಲೀವೆನಣ್ಣ, ಆ ಎಲೆ ಒಳ್ಗಿಂದ ಹೆಂಗೆ ನಗ್ತಾ ಅವ್ನೆ!"

ಪಾದ್ರಿ ಯೋಡೋಕಸ್ ನಿಂತಲ್ಲಿಂದ ಕಣ್ಣು ಕಿರಿದು ಮಾಡಿ ನೋಡಿದರು. "ಎಲ್ಲಿ ತಾಯಿ? ನನಗೆ ಎಲೆ ಬಿಟ್ಟು ಏನೂ ಕಾಣಿಸ್ತಿಲ್ಲ."

"ನಿಂತ್ಕೊಂಡ್ರೆ ಕಾಣಲ್ಲ ಫಾದರ್, ಇಲ್ಲಿ ಬಗ್ಗಿ. ಎಡಗಡೆ ಕೆಳಗಿನ ಮೂಲೆ. ಆ ಸುರುಳಿ ಇದೆಯಲ್ಲ, ಅದೇ ಮೂಗು."

ಪಾದ್ರಿಗಳು ಒದ್ದೆ ನೆಲದ ಮೇಲೆ ಮೊಣಕಾಲೂರಿದರು. ಕೊನೆಗೆ ಪೌವೆಲ್ಸ್ ಕೂಡ ಬೆಂಚು ಹಿಡಿದು, ಏದುಸಿರು ಬಿಡುತ್ತ, ಒಂದೊಂದೇ ಮೊಣಕಾಲು ಮಡಚಿ ಕೆಳಗಿಳಿದರು. ಇಳಿದ ಮೇಲೆ ಅವರ ಉಸಿರಿನ ಸದ್ದು ನಿಂತುಹೋಯಿತು. ನಾನೂ ಊರಿದೆ, ಗಿಲ್ಲಿಸ್. ನೀನಿದ್ದೆ. ಎಲೆಯ ಅಂಚು ನಿನ್ನ ಹುಬ್ಬು, ಅದರ ಎಡತುದಿಯಲ್ಲಿ ಉಳಿ ಜಾರಿ ಆದ ಆ ಗಾಯದ ಸೀಳು. ಮಡಚಿದ ಕಿವಿ. ಕೂದಲೆಲ್ಲ ಬಳ್ಳಿ. ನೇರ ಎದುರಿಗೆ ನಿಂತವರಿಗೆ ಬರಿಯ ಕಲ್ಲೆಲೆ. ಕೆಳಗಿನಿಂದ ಪ್ರಾರ್ಥನೆಗೆ ತಲೆಯೆತ್ತಿದವರಿಗೆ ನೀನು.

"ಇದು ಚೆನ್ನಾಗಿದೆ," ಎಂದರು ಪಾದ್ರಿ ಯೋಡೋಕಸ್, ಏಳುತ್ತ. "ಅದೇ ತೊಂದರೆ. ಕೆಟ್ಟದಾಗಿದ್ದಿದ್ರೆ ಆಕಸ್ಮಿಕ ಅಂದ್ಬಿಡಬಹುದಿತ್ತು."

ಪೌವೆಲ್ಸರನ್ನು ಎಬ್ಬಿಸಲು ನಾನು ಕೈ ಕೊಟ್ಟೆ. ಅವರು ಹಿಡಿಯಲಿಲ್ಲ.

ಮನೆಗೆ ಬಂದಾಗ ಡಿಂಪ್ನಾ ಹಾವುಮೀನಿನ ಚರ್ಮ ಸುಲಿಯುತ್ತಿದ್ದಳು. ಕೇಳಿದೆ. "ಹೌದು, ನಾನೇ," ಎಂದಳು, ತಲೆಯೆತ್ತದೆ.

"ಗಡಿಪಾರಾದವನ ಮುಖಾನ ಚಾಪೆಲ್ ಗೋಡೆ ಮೇಲೆ! ಅದೂ ಪೌವೆಲ್ಸ್ ಚಾಪೆಲಲ್ಲಿ! ನಿನಗೆ ತಲೆ ನೆಟ್ಟಗಿದೆಯಾ?"

"ತಿಂಗಳುಗಟ್ಟಲೆ ಅದರ ಎದುರಿಗೇ ಕೂತು ಗಂಜಿ ಕುಡ್ದೆಯಲ್ಲ. ಕಾಣಿಸ್ತಾ?"

"ಇಲ್ಲ."

"ಮೊಣಕಾಲೂರಿದೋರಿಗೆ ಕಾಣೋ ಹಾಗೆ ಬರೆದಿದ್ದೆ. ನೀನು ಊರಲೇ ಇಲ್ಲ."

ಇಷ್ಟೇ ಮಾತು. ಮತ್ತೆ ನಾಲ್ಕು ದಿನದಿಂದ ಊಟ ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಸಂಘದ ಕೋಣೆಯಲ್ಲಿ ವಿಚಾರಣೆ. ನಮ್ಮಿಬ್ಬರನ್ನೂ, ಟ್ರೂಯಳನ್ನೂ ಕರೆದಿದ್ದಾರೆ. ಕಲಾವಿದರ ಸಂಘದಿಂದ ಡಿಂಪ್ನಾಳ ಹೆಸರು ಹೊಡೆಸಬಹುದು, ನಗರಸಭೆಗೆ ಒಪ್ಪಿಸಬಹುದು, ಚಿತ್ರವನ್ನು ಸುಡಬಹುದು. ಅದಕ್ಕಿಂತ ನನ್ನ ಭಯ ನಿನ್ನ ಅರ್ಜಿಯದು. ನಗರಸಭೆ ನಿನ್ನ ವಿಷಯದಲ್ಲಿ ಪೌವೆಲ್ಸರ ಸಂಘದ ಅಭಿಪ್ರಾಯ ಕೇಳಿಯೇ ಕೇಳುತ್ತದೆ. ಆದ್ದರಿಂದ ನನ್ನ ಮುಂದಿನ ಪತ್ರ ಬರುವ ತನಕ ಹೊರಡಬೇಡ, ಗಡಿಯ ಹತ್ತಿರವೂ ಸುಳಿಯಬೇಡ. ಇದನ್ನು ಓದಿ ಸುಟ್ಟುಹಾಕು.

ನಿನ್ನ
ಲೀವೆನ್


ಆಂಟ್ವರ್ಪ್
೧೬೫೪, ಮೇ ೨೦, ಬುಧವಾರ

ಪ್ರೀತಿಯ ಗಿಲ್ಲಿಸ್,

ಇಷ್ಟು ಬೇಗ ಎರಡನೆಯ ಪತ್ರ ಬಂದದ್ದಕ್ಕೆ ಗಾಬರಿಯಾಗಬೇಡ. ಯಾರಿಗೂ ಜೈಲಾಗಿಲ್ಲ, ಚಿತ್ರ ಸುಟ್ಟಿಲ್ಲ, ನಿನ್ನ ಅರ್ಜಿಗೂ ಅಡ್ಡಿಯಿಲ್ಲ. ಶನಿವಾರವೇ ಬರೆಯಬೇಕಿತ್ತು. ಹಾಳೆ ಮುಂದಿಟ್ಟುಕೊಂಡು ಎರಡು ದಿನ ಕೂತೆ, ಆಗಲಿಲ್ಲ, ಕ್ಷಮಿಸು.

ಸಂಘದ ಕೋಣೆಯನ್ನು ನೀನು ನೋಡಿದ್ದೀಯ. ಅದೇ ಉದ್ದನೆಯ ಮೇಜು, ಅದೇ ಹಸಿರು ಬಟ್ಟೆ. ಮೇಜಿನಾಚೆ ಪೌವೆಲ್ಸ್, ಪಕ್ಕದಲ್ಲಿ ಪಾದ್ರಿ ಯೋಡೋಕಸ್, ಹಿಂದೆ ಬಾಯಿ ತೆರೆಯದ ಇಬ್ಬರು ಹಿರಿಯರು. ನಮ್ಮನ್ನು ನಿಲ್ಲಿಸಿಯೇ ಮಾತಾಡಿದರು. ಮೊದಲು ಟ್ರೂಯ್. ಇಡೀ ವಾರ ಅವಳು ಅತ್ತಿದ್ದಳಂತೆ, ಖುಷಿಯಲ್ಲಿ ಬಾಯಿಬಿಟ್ಟು ನಿನಗೆ ಕೇಡು ಮಾಡಿದೆನಲ್ಲ ಎಂದು.

"ಮುದುಕಿ, ಅವತ್ತು ಯಾರ ಹೆಸರು ಹೇಳ್ದೆ?" ಎಂದರು ಪೌವೆಲ್ಸ್.

"ಯಾರ ಹೆಸರೂ ಇಲ್ಲ ಸ್ವಾಮಿ. ಕಣ್ಣಲ್ಲಿ ಪೊರೆ ಬಂದದೆ. ಸೋಪಿನ ನೀರು ಬೇರೆ ಸಿಡಿದಿತ್ತು. ಯಾರನ್ನೋ ಯಾರೋ ಅಂದ್ಬಿಟ್ಟೆ."

"ಕಣ್ಣು ಕಾಣಲ್ವಾ? ಸರಿ." ಪೌವೆಲ್ಸ್ ಕೈ ಮುಂದೆ ಚಾಚಿದರು. ಅವರ ಮುದ್ರೆಯುಂಗುರದಲ್ಲಿ ಸಿಂಹವಿದೆ, ಊರಿಗೆಲ್ಲ ಗೊತ್ತು. "ಇದ್ರಲ್ಲಿ ಏನಿದೆ ಹೇಳು."

ಟ್ರೂಯ್ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. "ಹಂದಿ, ಸ್ವಾಮಿ."

ಹಿಂದಿನ ಹಿರಿಯರಲ್ಲೊಬ್ಬರಿಗೆ ಕೆಮ್ಮು ಬಂತು. ಪಾದ್ರಿ ಯೋಡೋಕಸ್ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಮಾತ್ರ ನಗಲಿಲ್ಲ. ದಿನಗೂಲಿಯ ಮುದುಕಿ, ಆ ಕೆಲಸ ಬಿಟ್ಟರೆ ಗತಿಯಿಲ್ಲದವಳು, ಆ ಮೇಜಿನ ಎದುರು ನಿಂತು ನಿನಗಾಗಿ ಸುಳ್ಳು ಹೇಳುತ್ತಿದ್ದಳು. ಅವಳನ್ನು ಹೊರಗೆ ಕಳಿಸಿದರು.

ಆಮೇಲೆ ನಾನು. ಹೇಳಬೇಕಾದದ್ದನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದೆ. "ಕಲ್ಲಿನ ಕೆಲಸ ಯಾವತ್ತೂ ನನ್ನದೇ, ಇದು ಎಲ್ಲರಿಗೂ ಗೊತ್ತು. ಮುಖ ಇದ್ರೆ ಅದು ನನ್ನ ಕೈತಪ್ಪು. ಎಲೆ ಸುರುಳಿಗಳಲ್ಲಿ ಹುಡುಕಿದ್ರೆ ಯಾರ ಮುಖ ಬೇಕಾದ್ರೂ ಸಿಗುತ್ತೆ. ಇದು ಯಾರದೂ ಅಲ್ಲ."

ಪೌವೆಲ್ಸ್ ಮುಂದಕ್ಕೆ ಬಾಗಿದರು. "ಯಾರದೂ ಅಲ್ವಾ? ಆ ಮುಖ ನಿನಗೆ ಗೊತ್ತೇ ಇಲ್ವಾ, ಲೀವೆನ್? ನನ್ನ ಹತ್ರ ಹೇಳ್ತೀಯಾ ಅದನ್ನ?"

'ನನ್ನ' ಎಂಬುದನ್ನು ಎಳೆದು ಹೇಳಿದರು.

ಅಷ್ಟರಲ್ಲಿ ಡಿಂಪ್ನಾ ಒಂದು ಹೆಜ್ಜೆ ಮುಂದೆ ಬಂದಳು. "ಇವ್ರು ಜ್ವರದಲ್ಲಿ ಮಲಗಿದ್ರು, ಸ್ವಾಮಿ. ಬರೆದೋಳು ನಾನು. ಕೈತಪ್ಪಲ್ಲ. ಬೇಕು ಅಂತಲೇ ಬರೆದೆ. ಅದು ಕೊರೆಗಾರ ಗಿಲ್ಲಿಸನೇ."

ಹಿಂದಿನ ಹಿರಿಯರಿಬ್ಬರೂ ಪೌವೆಲ್ಸರ ಕಡೆ ತಿರುಗಿದರು.

"ಸಂಘವನ್ನ ಅಣಕಿಸೋದಕ್ಕಾ?" ಎಂದರು ಪಾದ್ರಿ ಯೋಡೋಕಸ್, ಮೆತ್ತಗೆ.

"ಅಲ್ಲ ಫಾದರ್. ಸಂಘದ ಬಗ್ಗೆ ನಾನು ಯೋಚನೆ ಕೂಡ ಮಾಡ್ಲಿಲ್ಲ."

ಪೌವೆಲ್ಸರಿಗೆ ಆ ಮಾತೇ ಹೆಚ್ಚು ಚುಚ್ಚಿತೆಂದು ತೋರುತ್ತದೆ. ಮೇಜು ಗುದ್ದಿದರು. "ಹಾಗಾದ್ರೆ ಯಾರಿಗೋಸ್ಕರ?"

"ದೇವಮಾತೆ ಕಾಲಹತ್ರ ಒಬ್ಬನಿಗೆ ಜಾಗ ಕೊಟ್ಟೆ. ಊರಲ್ಲಿ ಅವನಿಗೆ ಜಾಗ ಇರ್ಲಿಲ್ಲ. ಇಷ್ಟೇ ನಾನು ಹೇಳೋದು."

ಚಿತ್ರ ಇಳಿಸಿ ಸುಡಬೇಕು, ಹೆಂಗಸನ್ನು ನಗರಸಭೆಗೆ ಒಪ್ಪಿಸಬೇಕು ಎಂದು ಪೌವೆಲ್ಸ್ ಪಟ್ಟು ಹಿಡಿದರು. ಪಾದ್ರಿ ಯೋಡೋಕಸ್ ಅವರ ಕಡೆ ತಿರುಗಿದರು. "ಒಪ್ಪಿಸಿದ್ರೆ ಆ ಹಳೆ ಹಾಳೆಯನ್ನ ಮತ್ತೆ ಹೊರಗೆ ತೆಗೀತಾರೆ. ಈಗ ಹದಿನೆಂಟು ವರ್ಷದೋರಿಗೆ ಅದು ಗೊತ್ತೇ ಇಲ್ಲ. ಅವರಿಗೂ ತೋರಿಸಬೇಕಾ, ಪೌವೆಲ್ಸ್? ಮುಖವನ್ನ ಮುಚ್ಚಿಸೋಣ. ಪೆಂಟಕಾಸ್ಟ್ ಪೂಜೆ ನಡೀಲಿ. ಮಾತು ಈ ಕೋಣೆಯಿಂದ ಆಚೆ ಹೋಗೋದು ಬೇಡ. ಆ ಕೊರೆಗಾರನ ಅರ್ಜಿ ಬಂದಾಗ ಸಂಘ ಹೌದು ಅನ್ನೋದೂ ಬೇಡ, ಇಲ್ಲ ಅನ್ನೋದೂ ಬೇಡ."

ಹೆಬ್ಬಾತು ಎಂಬ ಪದವನ್ನು ಅವರು ಬಾಯಲ್ಲಿ ಆಡಲಿಲ್ಲ. ಪೌವೆಲ್ಸರ ಕತ್ತು ಕೆಂಪಾಯಿತು. ಒಪ್ಪಿದರು.

"ನಾನು ಮುಚ್ಚಲ್ಲ," ಎಂದಳು ಡಿಂಪ್ನಾ.

"ಡಿಂಪ್ನಾ!" ಎಂದೆ.

"ನನ್ನ ಕೈಯಲ್ಲಿ ಆಗಲ್ಲ. ಮುಚ್ಚಲೇಬೇಕು ಅಂದ್ರೆ ಇವ್ರು ಮುಚ್ಚಲಿ."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ತಲೆಯಲ್ಲಿದ್ದದ್ದು ನಿನ್ನ ಅರ್ಜಿ, ಅವಳ ಹೆಸರು, ಟ್ರೂಯಳ ಕೂಲಿ. ಆಗಲಿ ಎಂದೆ.

ಮೊನ್ನೆ ಸೋಮವಾರ ಮಧ್ಯಾಹ್ನ ಚಿತ್ರವನ್ನು ಕೆಳಗಿಳಿಸದೆ, ಅಟ್ಟಣೆ ಕಟ್ಟಿ, ಅವರೆಲ್ಲರ ಎದುರಿಗೆ ಆ ಕೆಲಸ ಮಾಡಿದೆ. ಡಿಂಪ್ನಾ ಜೊತೆಗೆ ಹತ್ತಿದಳು. ಬಣ್ಣ ಅರೆದು ಕಲಸಿ ಕೊಟ್ಟವಳು ಅವಳೇ. ಅಷ್ಟು ಮಾಡುತ್ತೇನೆ ಎಂದಿದ್ದಳು. ಅಷ್ಟು ಹತ್ತಿರದಿಂದ ನೀನು ಕಾಣಲೇ ಇಲ್ಲ, ಬರಿಯ ಬೂದು, ಬಿಳಿ, ನೆರಳು. ಯಾವುದು ಕಣ್ಣು, ಯಾವುದು ತುಟಿ ಎಂದು ಕೆಳಗೆ ಮೊಣಕಾಲೂರಿದ್ದ ಪಾದ್ರಿ ಯೋಡೋಕಸ್ ಹೇಳಬೇಕಾಯಿತು. "ಇನ್ನೂ ಎಡಕ್ಕೆ, ಲೀವೆನ್. ಹಾಂ, ಅಲ್ಲೇ. ಹುಬ್ಬು ಹೋಯ್ತು." ಒಂದು ಬಿಳಿ ಪಿಯೋನಿ ಹೂವನ್ನು, ಜೊತೆಗೆ ಎರಡು ಎಲೆ ಬರೆದು ಮುಚ್ಚಿದೆ. ನಾನು ಹೂವು ಬರೆಯುವವನಲ್ಲ. ಡಿಂಪ್ನಾಳ ಹೂವುಗಳ ನಡುವೆ ಅದು ಗಂಟು ಕಟ್ಟಿದ ಬಟ್ಟೆಯಂತೆ ಕೂತಿದೆ. ಪೌವೆಲ್ಸ್ ಕೆಳಗೆ ನಿಂತು, ಊರಿ, ಎದ್ದು, ಮತ್ತೆ ಊರಿ ನೋಡಿ, "ಈಗ ಸರಿ" ಎಂದು ಹೊರಟುಹೋದರು.

ಟ್ರೂಯಳಿಗೆ ಕೆಲಸ ಉಳಿಯಿತು. ನಿನ್ನೆ ನಮ್ಮ ಮನೆಗೆ ಬಂದು, "ಅರ್ಜಿ ಗೆದ್ದು ಬಂದ್ರೆ ನಮ್ಮನೇಲೇ ಇಳ್ಕೋಬೇಕು ಅಂತ ಬರೀರಿ. ಅವ್ರಮ್ಮನ ಹಾಸಿಗೆ ನನ್ನ ಹತ್ರಾನೇ ಅದೆ" ಎಂದಳು. ಬರೆದಿದ್ದೇನೆ. ಪಾದ್ರಿ ಯೋಡೋಕಸ್ ತಮ್ಮ ಮಾತು ಉಳಿಸಿಕೊಳ್ಳುವವರು. ಜೂನ್ ಕೊನೆಯ ಹೊತ್ತಿಗೆ ನಿನಗೆ ಅನುಮತಿ ಸಿಗಬಹುದೆಂದು ಅವರೇ ಹೇಳಿದರು. ಸಾಕ್ಷಿಪತ್ರಕ್ಕೆ ಸಹಿ ಹಾಕಿದ್ದೇನೆ, ಇದರೊಳಗೇ ಮಡಚಿಟ್ಟಿದ್ದೇನೆ.

ನಿನ್ನ ಮನೆಯಾಕೆಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ಹೆಣ್ಣುಮಕ್ಕಳ ಕಣ್ಣನ್ನೂ ಕೈಯನ್ನೂ ಕಾಪಾಡಲಿ. ಅಪ್ಪನ ಊರಿನ ಬೀದಿಗಳಲ್ಲಿ ಅವರು ಅಂಜಿಕೆಯಿಲ್ಲದೆ ಓಡಾಡುವ ದಿನ ಬರಲಿ.

ನಿನ್ನ
ಲೀವೆನ್

ಮರೆತ ಮಾತು: ಮರೆತದ್ದಲ್ಲ. ಬರೆಯದೆ ಬಿಟ್ಟದ್ದು.

ಅಟ್ಟಣೆಯ ಮೇಲೆ ನಾನು ಮೊದಲ ಸಲ ಕುಂಚ ಅದ್ದಿದಾಗ ಡಿಂಪ್ನಾ ನನ್ನ ಕಿವಿಯ ಹತ್ತಿರ ಬಾಗಿ, "ಇದು ಎರಡನೇ ಸಲ, ಲೀವೆನ್" ಎಂದಳು.

ಎರಡು ಪತ್ರದಲ್ಲೂ ನೀನು ಕೇಳಿದ್ದೆ, ಸಂಘದವರಿಗೆ ನಿನ್ನ ಹೆಸರು ಹೇಳಿದವರು ಯಾರೆಂದು ಏನಾದರೂ ಗೊತ್ತಾಯಿತೇ ಎಂದು. ಗಿಲ್ಲಿಸ್, ನಾನು ಹೇಳಿದೆ. ಆ ಹಾಳೆಯ ಅಂಚಿಗೆ ಬಳ್ಳಿ ಸುರುಳಿ ಬರೆದುಕೊಟ್ಟವನು ನಾನೆಂದು ನಮ್ಮಿಬ್ಬರಿಗೇ ಗೊತ್ತಿತ್ತು. ಪೌವೆಲ್ಸ್ ಆ ಬಳ್ಳಿಯನ್ನು ಗುರುತು ಹಿಡಿದರು. ನನ್ನನ್ನು ಅದೇ ಕೋಣೆಗೆ ಕರೆಸಿ, "ಅಂಚು ನಿನ್ನದು, ಲೀವೆನ್. ಕೊರೆದವನು ಯಾರು? ಹೇಳಿದ್ರೆ ಅಂಚಿನ ಮಾತು ಮರೀತೀವಿ" ಎಂದರು. ಹೊಡೆಯಲಿಲ್ಲ, ಬೆದರಿಸಲೂ ಇಲ್ಲ. ಅವರು ಎರಡನೆಯ ಸಲ ಕೇಳುವ ಮೊದಲೇ ನಾನು ಹೇಳಿಯಾಗಿತ್ತು. ಒಂಬತ್ತು ದಿನ ಅವರು ನಿನ್ನನ್ನು ಕೂಡಿಹಾಕಿ ಅಂಚು ಬರೆದವನು ಯಾರೆಂದು ಕೇಳಿದಾಗ ನೀನು ಬಾಯಿ ಬಿಡಲಿಲ್ಲ. ಅವರಿಗದು ಗೊತ್ತಿದ್ದೂ, ನೀನು ಹೇಳುತ್ತೀಯೋ ಇಲ್ಲವೋ ನೋಡಲು ಕೇಳುತ್ತಿದ್ದರು. ಅದನ್ನು ಪೌವೆಲ್ಸರೇ ಆಮೇಲೆ ನನಗೆ ನಗುತ್ತ ಹೇಳಿದರು.

ಈ ಚಳಿಗಾಲ ಜ್ವರದಲ್ಲಿ ನಾನು ಇದನ್ನೆಲ್ಲ ಬಡಬಡಿಸಿದೆನಂತೆ. ಡಿಂಪ್ನಾ ಹಾಸಿಗೆಯ ಪಕ್ಕ ಕೂತು ಕೇಳಿ, ಎದ್ದುಹೋಗಿ ನಿನ್ನ ಮುಖ ಬರೆದಳು. ನಾನಾಗಿ ಕಂಡು ಬಾಯಿಬಿಡಲಿ ಎಂದು ಕಾದಳು. ಈಗ ಮೇಜಿನಾಚೆ ಕೂತಿದ್ದಾಳೆ. "ನೀನು ಬರೀದಿದ್ರೆ ನಾನು ಬರೀತೀನಿ" ಎಂದಿದ್ದಳು. ಇಷ್ಟನ್ನು ಓದಿ ನೋಡಿ ಹಾಳೆಯನ್ನು ನನ್ನ ಕಡೆಗೇ ತಳ್ಳಿದಳು.

ಕ್ಷಮೆ ಕೇಳುವಷ್ಟು ಮುಖ ನನಗಿಲ್ಲ. ಸಾಕ್ಷಿಪತ್ರದಲ್ಲಿ ನನ್ನ ಸಹಿ ಬೇಡವೆನಿಸಿದರೆ ಹರಿದುಹಾಕು. ಪಾದ್ರಿ ಯೋಡೋಕಸ್ ಬೇರೆಯವರನ್ನು ಹುಡುಕಿಕೊಡುತ್ತಾರೆ, ಕೇಳಿಟ್ಟಿದ್ದೇನೆ. ಬೇಕಾದರೆ ಈ ಹಾಳೆಯನ್ನೇ ನಗರಸಭೆಗೆ ಕೊಡು. ಹಿಂದಿನ ಪತ್ರ ಸುಡು ಎಂದಿದ್ದೆ, ಇದನ್ನು ಸುಡಬೇಡ. ಹನ್ನೊಂದು ವರ್ಷದ ಹಿಂದೆ ಆ ಕೋಣೆಯಲ್ಲಿ ನಿನ್ನ ಹೆಸರು ಹೇಳುವಾಗ, ಬರವಣಿಗೆ ಬೇಡ, ಬಾಯಿಮಾತು ಸಾಕು ಎಂದಿದ್ದರು, ನನಗೂ ಅದೇ ಬೇಕಾಗಿತ್ತು. ಆದ್ದರಿಂದ ಇದಕ್ಕೆ ಪೂರ್ತಿ ಹೆಸರು ಹಾಕುತ್ತಿದ್ದೇನೆ.

ಲೀವೆನ್ ಆದ್ರಿಯಾನ್ ಕುಯ್ಪರ್ಸ್, ಚಿತ್ರಗಾರ, ಆಂಟ್ವರ್ಪ್